ಪಾನದುರದ ರೈಲಿನಲ್ಲಿ ‘ಯಾವೂರಪ್ಪಾ ನಿಂದು?’

ಅನುರಾಧಪುರ

ಬೋಧಿವೃಕ್ಷದ ಎಲೆ ನನ್ನ ತಲೆಯ ಮೇಲೆ ಬಿತ್ತು. ಬೀಳಬೇಕಾಗಿದ್ದದ್ದು ಶಶಿಕಲಾಳ ತಲೆಯ ಮೇಲೆ.

ಶ್ರೀಲಂಕಾಕ್ಕೆ ಹೋಗಲೇಬೇಕೆಂದು ಹಟ ಹಿಡಿದವಳು ಅವಳು. ಅಜ್ಜಂಪುರದ ಅವಳ ಮನೆಯವರು ತಾತನ ಕಾಲದಲ್ಲೇ ಬುದ್ಧನನ್ನು ಒಪ್ಪಿಕೊಂಡವರು. ನಡುಮನೆಯ ಗೋಡೆಯಲ್ಲಿ ಈ ಮರದ್ದೇ ಬಣ್ಣ ಮಾಸಿದ ಚಿತ್ರವೊಂದಿದೆ. ಅದನ್ನು ನೋಡುತ್ತ ಬೆಳೆದವಳು ಮರವನ್ನೇ ನೋಡಬೇಕೆಂದು ಹಾತೊರೆದರೆ ತಪ್ಪೇನು? ನಾನು ಕಡೂರಿನವಳು, ಹೆಂಗಸರಿಗೆ ಸ್ಕೂಟರ್ ಓಡಿಸಲು ಕಲಿಸುತ್ತೇನೆ. ಅವಳು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತೆ, ತರೀಕೆರೆಯಲ್ಲಿ ಮನೆ ಮಾಡಿದ್ದಾಳೆ. ಕಾಲೇಜಿಗೆ ಒಂದೇ ಪ್ಯಾಸೆಂಜರ್ ರೈಲಿನಲ್ಲಿ ಓಡಾಡಿದ ಗೆಳತಿಯರು ನಾವು. ಇಬ್ಬರಿಗೂ ನಲವತ್ತು ದಾಟಿದೆ. ಆದರೆ ಜೊತೆಗೂಡಿದರೆ ಬುದ್ಧಿ ಆ ಪ್ಯಾಸೆಂಜರ್ ರೈಲಿನ ವಯಸ್ಸಿಗೇ ಇಳಿದುಬಿಡುತ್ತದೆ.

ಅಲ್ಲಿ ಎಲ್ಲರೂ ಬಿಳಿ ಬಟ್ಟೆ ಉಟ್ಟು ಬರುತ್ತಾರೆ. ಕಣ್ಣು ಹಾಯಿಸಿದಷ್ಟು ದೂರ ಬಿಳಿ. ಅದರ ನಡುವೆ ಶಶಿ ಮಾವಿನಹಣ್ಣಿನ ಬಣ್ಣದ ರೇಷ್ಮೆ ಸೀರೆ, ನಾನು ಗಿಳಿಹಸಿರು ಚೂಡಿದಾರ್. ಇಡೀ ಅಂಗಳಕ್ಕೆ ನಾವಿಬ್ಬರೇ ತರಕಾರಿ ಅಂಗಡಿ. ಭಕ್ತರು ಮರದ ಕೆಳಗೆ ಕೂತು ಎಲೆ ಉದುರಲೆಂದು ಕಾಯುತ್ತಾರೆ. ತಾನಾಗಿ ಬಿದ್ದ ಎಲೆಯನ್ನು ಕಣ್ಣಿಗೊತ್ತಿಕೊಂಡು ಮನೆಗೆ ಒಯ್ಯುತ್ತಾರೆ. ಶಶಿ ಕೈ ಮುಗಿದು, ಕಣ್ಣು ಮುಚ್ಚಿ, ಒಂದಿಷ್ಟೂ ಅಲುಗಾಡದೆ ಕೂತಳು. ನಾನು ಪಕ್ಕದಲ್ಲಿ ಕೂತು ಕಾಲು ಜೋಮು ಹಿಡಿದಿದ್ದಕ್ಕೆ ಪಾದ ತಿಕ್ಕಿಕೊಳ್ಳುತ್ತಿದ್ದೆ. ಗಾಳಿ ಬೀಸಿತು. ಎಲೆ ಬಂತು. ನೇರ ನನ್ನ ನೆತ್ತಿಗೆ.

ಕಣ್ಣು ಬಿಟ್ಟ ಶಶಿ ನನ್ನನ್ನು ನೋಡಿದ ನೋಟದಲ್ಲಿ ಬುದ್ಧನ ಶಾಂತಿ ಎಳ್ಳಷ್ಟೂ ಇರಲಿಲ್ಲ.

“ಲೇ, ನೀನು ಕೈ ಕೂಡಾ ಮುಗ್ದಿರ್ಲಿಲ್ಲ ಕಣೇ!”

“ನಾನೇನೇ ಮಾಡ್ಲಿ, ಅದೇ ಬಂತು.”

ಎಲೆಯನ್ನು ಅವಳ ಅಂಗೈಯಲ್ಲಿಟ್ಟೆ. ಅವಳು ಅದನ್ನು ನೋಡುತ್ತ ನೋಡುತ್ತ ಅತ್ತುಬಿಟ್ಟಳು. ಆಮೇಲೆ ಅತ್ತಿದ್ದಕ್ಕೆ ನಕ್ಕಳು. ಅವಳು ನಕ್ಕಿದ್ದಕ್ಕೆ ನಾನೂ ನಕ್ಕೆ. ಪಕ್ಕದಲ್ಲಿದ್ದ ಬಿಳಿ ಸೀರೆಯ ಅಜ್ಜಿ ತುಟಿಯ ಮೇಲೆ ಬೆರಳಿಟ್ಟು ಸುಮ್ಮನಿರಿ ಎಂದರು, ಇಟ್ಟ ಬೆರಳಿನ ಹಿಂದೆ ತಾವೂ ನಗುತ್ತಿದ್ದರು.

ದಂಬುಲ್ಲದ ದಾರಿ

ಇಲ್ಲಿನ ಬಸ್ಸು ಹತ್ತಿದವರಿಗೆ ಸಿನಿಮಾ ಟಾಕೀಸು ಹೊಕ್ಕಂತಾಗುತ್ತದೆ. ಚಾಲಕನ ತಲೆಯ ಮೇಲೆ ಬುದ್ಧ, ಅವನ ಸುತ್ತ ಕೆಂಪು ನೀಲಿ ದೀಪಗಳ ಓಟ, ಕಿವಿ ತೂತಾಗುವ ಹಾಡು. ಕಂಡಕ್ಟರು ಬಾಗಿಲಲ್ಲಿ ಒಂದೇ ಕೈಯಲ್ಲಿ ನೇತಾಡುತ್ತ ಊರ ಹೆಸರನ್ನು ಉಸಿರು ಬಿಡದೆ ಕೂಗುತ್ತಾನೆ. ಯಗಟಿಗೆ ಹೋಗುವ ನಮ್ಮ ಬಸ್ಸಿನವರು ಇವನ ಮುಂದೆ ಮೌನಿಗಳು.

ಬಸ್ಸು ತುಂಬಿ ತುಳುಕುತ್ತಿತ್ತು. ಆದರೂ ಮುಂದಿನ ಸೀಟು ಖಾಲಿ. ಜನಕ್ಕೆ ಕಣ್ಣು ಕಾಣಿಸುವುದಿಲ್ಲವೇ ಎಂದುಕೊಂಡು ನಾವಿಬ್ಬರೂ ಹೋಗಿ ಆರಾಮಾಗಿ ಕೂತೆವು. ಶಶಿ ಚೀಲದಿಂದ ಕೋಡುಬಳೆ ತೆಗೆದಳು. ಹಾಡು ಮಾತ್ರ ಕೇಳಿಸುತ್ತಿದೆ, ಮಾತು ನಿಂತಿದೆ ಎಂದು ಅರಿವಾಗುವ ಹೊತ್ತಿಗೆ ಬಸ್ಸು ನಿಂತು ಕಾವಿಯ ಭಿಕ್ಷುವೊಬ್ಬರು ಹತ್ತಿದರು. ಅದು ಅವರಿಗೆಂದೇ ಮೀಸಲಾದ ಸೀಟು. ಎಷ್ಟೇ ನೂಕುನುಗ್ಗಲಿದ್ದರೂ ಬೇರೆ ಯಾರೂ ಅಲ್ಲಿ ಕೂರುವುದಿಲ್ಲವಂತೆ. ಇಡೀ ಬಸ್ಸಿಗೆ ಗೊತ್ತಿತ್ತು, ನಮಗೆ ಹೇಳಲು ಎಲ್ಲರಿಗೂ ಸಂಕೋಚ.

ಶಶಿ ಎದ್ದ ರಭಸಕ್ಕೆ ಕೋಡುಬಳೆಗಳು ಭಿಕ್ಷುವಿನ ಪಾದದ ಸುತ್ತ ಚೆಲ್ಲಿದವು. ಅವರು ಬಗ್ಗಿ ಒಂದನ್ನು ಎತ್ತಿ, ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, ಇದೇನು ಎಂಬಂತೆ ಹುಬ್ಬೇರಿಸಿದರು.

“ತಿನ್ನೋದು ಸ್ವಾಮಿ,” ಎಂದಳು ಶಶಿ, ಕನ್ನಡದಲ್ಲೇ, ಬಾಯಿಗೆ ಕೈ ಒಯ್ದು ತೋರಿಸುತ್ತ. ಅವರು ಮುಗುಳ್ನಕ್ಕು ಅದನ್ನು ಅವಳಿಗೇ ಹಿಂತಿರುಗಿಸಿದರು. ಮುಂದಿನ ದಾರಿಯುದ್ದಕ್ಕೂ ನಾವು ನಿಂತೇ ಇದ್ದೆವು. ತಲೆ ಎತ್ತಲಿಲ್ಲ. ಎತ್ತಿದರೆ ನಗು ಬರುತ್ತಿತ್ತು.

ಕೊಲಂಬೊ

ಹೋಟೆಲಿನಲ್ಲಿ ಕೂತ ಕೂಡಲೇ ಕೇಳದೆಯೇ ಒಂದು ತಟ್ಟೆ ತುಂಬ ಬನ್ನು, ಪಫ್ಸು, ವಡೆ ತಂದು ಮುಂದಿಡುತ್ತಾರೆ. ತಿಂದಷ್ಟಕ್ಕೆ ಮಾತ್ರ ಬಿಲ್ಲು, ಉಳಿದದ್ದು ಮುಂದಿನ ಮೇಜಿಗೆ. ನಮಗಿದು ತಿಳಿಯದು. ತಂದಿಟ್ಟದ್ದನ್ನು ಬಿಟ್ಟರೆ ಅವರಿಗೆ ಬೇಜಾರಾದೀತೆಂದು ಇಬ್ಬರೂ ಹೊಟ್ಟೆ ಬಿರಿಯುವ ಹಾಗೆ ತಿಂದು ತಟ್ಟೆ ಖಾಲಿ ಮಾಡಿದೆವು. ಮಾಣಿ ಮೆಚ್ಚಿಕೊಂಡು ಇನ್ನೊಂದು ತಟ್ಟೆ ತಂದಿಟ್ಟ.

ಸಮುದ್ರದಂಡೆಯಲ್ಲಿ ವಡೆ ಮಾರುವ ಗಾಡಿಗಳ ಸಾಲು. ನಮ್ಮ ವಡೆಯಂತೆಯೇ ದುಂಡಗಿದೆ, ಘಮಘಮ ಎನ್ನುತ್ತಿದೆ. ಕೈಗೆ ತೆಗೆದುಕೊಂಡು ನೋಡಿದರೆ ಮೇಲೆ ಮೀಸೆ ಸಮೇತ ಸಿಗಡಿ ಕೂತು ನನ್ನನ್ನೇ ದಿಟ್ಟಿಸುತ್ತಿದೆ. ಹುಟ್ಟಿದಾರಭ್ಯ ಸಸ್ಯಾಹಾರಿಯಾದ ನಾನು ಕಿರುಚಿದ್ದು ಎಷ್ಟು ಜೋರಾಗಿತ್ತೆಂದರೆ ಗಾಡಿಯವನೂ ಕಿರುಚಿದ. ಶಶಿ ನನ್ನ ವಡೆಯನ್ನೂ ಸೇರಿಸಿ ತಿಂದಳು.

ಹೀಗೆ ನಕ್ಕು ನಕ್ಕು ಸುಸ್ತಾಗಿ, ಸಂಜೆ ನಾವು ತಂಗಿದ್ದ ಕಡಲತಡಿಯ ಗಲ್ಕಿಸ್ಸಕ್ಕೆ ವಾಪಸಾಗಲು ಕೊಲಂಬೊದ ಫೋರ್ಟ್, ಅಂದರೆ ಕೋಟೆ, ರೈಲು ನಿಲ್ದಾಣಕ್ಕೆ ಬಂದೆವು. ಮುಂದೆ ನಡೆದದ್ದನ್ನು ಬರೆಯಲೆಂದೇ ಈ ಪ್ರವಾಸ ಕಥನ. ಉಳಿದದ್ದೆಲ್ಲ ಒಗ್ಗರಣೆ.

ಕೋಟೆ ನಿಲ್ದಾಣದಿಂದ ದಕ್ಷಿಣಕ್ಕೆ

ಆಫೀಸು ಬಿಡುವ ಹೊತ್ತಿನ ರೈಲು. ಬಲಗಡೆ ಸಮುದ್ರ ಎಷ್ಟು ಹತ್ತಿರವೆಂದರೆ ಅಲೆಯ ತುಂತುರು ಮುಖಕ್ಕೆ ಹಾರುತ್ತದೆ. ಶಶಿ ಬಾಗಿಲ ಬಳಿ ಜಾಗ ಹಿಡಿದು ಹೊರಗೆ ಮುಖ ಮಾಡಿ ಮೈಮರೆತಳು. ನಾನು ಒಳಗೆ ಮುಖ ಮಾಡಿ ನಿಂತಿದ್ದೆ. ಅದಕ್ಕೇ ನನಗೆ ಕಂಡಿತು.

ಇಪ್ಪತ್ತರ ಆಸುಪಾಸಿನ ಹುಡುಗಿ. ಎರಡೂ ಕೈಯಲ್ಲಿ ಒಂದು ರಟ್ಟಿನ ಪೆಟ್ಟಿಗೆಯನ್ನು ಎದೆಯ ಮಟ್ಟಕ್ಕೆ ಹಿಡಿದುಕೊಂಡಿದ್ದಳು, ಅದರಲ್ಲಿ ಮಲಗಿದ ಮಗುವಿದೆಯೇನೋ ಎಂಬಷ್ಟು ಜೋಪಾನವಾಗಿ. ಅವಳ ಹಿಂದೆ ಇಸ್ತ್ರಿ ಮಾಡಿದ ಬಿಳಿ ಅಂಗಿಯ ಒಬ್ಬ ಗಂಡಸು. ಅವನ ಹಿಂದೆ ಬೇಕಾದಷ್ಟು ಜಾಗವಿತ್ತು. ಆದರೂ ಅವನು ಅವಳಿಗೆ ಅಂಟಿಕೊಂಡೇ ನಿಂತಿದ್ದ. ಅವಳು ಒಂದಡಿ ಸರಿದಳು, ಅವನೂ ಸರಿದ. ಅವಳು ತಿರುಗಿ ನಿಂತಳು, ಅವನೂ ತಿರುಗಿದ. ರೈಲು ಕುಲುಕಿದಾಗಲೆಲ್ಲ ಬೇಕಂತಲೇ ಅವಳ ಮೇಲೆ ಬೀಳುತ್ತಿದ್ದ. ರೈಲು ಕುಲುಕದಿದ್ದಾಗಲೂ ಬೀಳುತ್ತಿದ್ದ. ಕೈ ಖಾಲಿ ಇದ್ದರೆ ಮೊಣಕೈಯಲ್ಲಾದರೂ ತಿವಿಯಬಹುದಿತ್ತು. ಪೆಟ್ಟಿಗೆ ಬಿಡುವಂತಿಲ್ಲ. ಅದು ಅವನಿಗೂ ತಿಳಿದಿತ್ತು.

ಈ ನೃತ್ಯ ನನಗೆ ಹೊಸದಲ್ಲ. ಕಾಲೇಜಿನ ಆ ಪ್ಯಾಸೆಂಜರ್ ರೈಲಿನಲ್ಲಿ ಎಷ್ಟು ಸಲ ಟಿಫನ್ ಕ್ಯಾರಿಯರನ್ನು ಪಕ್ಕೆಗೆ ಅಡ್ಡ ಹಿಡಿದು ನಿಂತಿದ್ದೇವೋ! ಬಳೆಯಲ್ಲಿ ಪಿನ್ನು ಸಿಕ್ಕಿಸಿಕೊಳ್ಳದೆ ನಾವ್ಯಾರೂ ಮನೆ ಬಿಡುತ್ತಿರಲಿಲ್ಲ. ನಮ್ಮ ಕಡೆ ಹುಡುಗಿ ಬಾಯಿ ಬಿಟ್ಟರೆ ‘ಯಾಕಮ್ಮಾ ಗಲಾಟೆ’ ಎನ್ನುವವರು ಮೊದಲು ಎದ್ದೇಳುತ್ತಾರೆ. ಇಲ್ಲೂ ಹಾಗೆಯೇ ಕಂಡಿತು. ಒಬ್ಬರು ಪತ್ರಿಕೆ ಓದುತ್ತಿದ್ದರು, ಇನ್ನೊಬ್ಬರು ಫೋನು ಉಜ್ಜುತ್ತಿದ್ದರು, ಮಡಿಲಲ್ಲಿ ಛತ್ರಿ ಇಟ್ಟುಕೊಂಡಿದ್ದ ದಪ್ಪನೆಯ ಹೆಂಗಸೊಬ್ಬರು ತೂಕಡಿಸುತ್ತಿದ್ದರು.

ಭಾಷೆ ಬಾರದು. ಪರದೇಶ. ಅವನು ಕೈ ಮಾಡಿದರೆ? ನಾನು ತಪ್ಪು ತಿಳಿದಿದ್ದರೆ? ಅಷ್ಟರಲ್ಲಿ ಹುಡುಗಿ ಕಣ್ಣೆತ್ತಿ ನನ್ನನ್ನು ನೋಡಿದಳು. ಸಹಾಯ ಕೇಳುವ ನೋಟವೇನಲ್ಲ ಅದು. ನಾನು ನೋಡಿಬಿಟ್ಟೆನೆಂದು ನಾಚಿಕೆ ಪಟ್ಟುಕೊಂಡ ನೋಟ. ತಪ್ಪು ಅವಳದೇ ಎಂಬ ಹಾಗೆ. ಅದನ್ನು ತಡೆದುಕೊಳ್ಳಲು ನನ್ನಿಂದಾಗಲಿಲ್ಲ.

“ಏ ಪಲ್ಲವೀ! ನೀನೇನೇ ಇಲ್ಲಿ? ಬಾರೇ ಈ ಕಡೆ!”

ಪಲ್ಲವಿ ನನ್ನ ಶಿಷ್ಯೆ. ಬ್ರೇಕು ಹಿಡಿಯುವ ಬದಲು ಆಕ್ಸಿಲರೇಟರ್ ತಿರುಗಿಸುವವಳು. ದಿನವೂ ಮೈದಾನದ ಆ ತುದಿಗೆ ಕೇಳುವಂತೆ ಕೂಗಿ ಅಭ್ಯಾಸವಾದ ಹೆಸರು ತಾನಾಗಿ ಬಾಯಿಗೆ ಬಂತು. ಡಬ್ಬಿಗೆ ಡಬ್ಬಿಯೇ ನನ್ನ ಕಡೆ ತಿರುಗಿತು. ಛತ್ರಿಯ ಹೆಂಗಸು ಬೆಚ್ಚಿ ಎದ್ದರು.

ಹುಡುಗಿ ಬಾಯಿ ತೆರೆದು ನನ್ನನ್ನೇ ನೋಡಿದಳು. ಕೆಟ್ಟೆ ಎಂದುಕೊಂಡೆ. ಆಮೇಲೆ ಅವಳ ಮುಖದಲ್ಲಿ ಏನೋ ಹೊತ್ತಿಕೊಂಡಿತು.

“ಅಕ್ಕೇ!” ಎಂದಳು.

ಅಕ್ಕ! ಸಿಂಹಳದಲ್ಲೂ ಅಕ್ಕ ಅಕ್ಕನೇ! ನನಗೆ ಆದ ಖುಷಿಗೆ ಕುಣಿಯುವುದೊಂದು ಬಾಕಿ. ಅವಳು ಸಿಂಹಳದಲ್ಲಿ ಉದ್ದಕ್ಕೆ ಏನೋ ಹೇಳಿದಳು. ಒಂದಕ್ಷರ ತಿಳಿಯಲಿಲ್ಲ.

“ಹೂಂ ಕಣೇ, ಅಮ್ಮ ಹೆಂಗವ್ರೆ? ರಾಗಿ ಕೊಯ್ಲು ಆಯ್ತಾ?” ಎಂದೆ.

ಕೊಯ್ಲು ಆಯಿತೆಂಬಂತೆ ಅವಳು ಗಂಭೀರವಾಗಿ ತಲೆಯಾಡಿಸಿದಳು. ಜನರ ನಡುವೆ ಕೈ ಚಾಚಿ ಅವಳ ತೋಳು ಹಿಡಿದು ನನ್ನ ಪಕ್ಕಕ್ಕೆ ಎಳೆದುಕೊಂಡೆ.

ಬಿಳಿ ಅಂಗಿಯವನು ಸುಮ್ಮನಾಗಲಿಲ್ಲ. ಜನರನ್ನು ಸರಿಸಿಕೊಂಡು ನಮ್ಮ ಬಳಿಯೇ ಬಂದ. ನಗುತ್ತ, ಬಲು ಮರ್ಯಾದೆಯಿಂದ ಇಂಗ್ಲಿಷಿನಲ್ಲಿ, “ಮೇಡಂ, ಏನೂ ತೊಂದರೆಯಿಲ್ಲ. ಈ ಹುಡುಗಿ ನನಗೆ ಗೊತ್ತಿರುವವಳು,” ಎಂದ.

ಹುಡುಗಿ ತಲೆ ತಗ್ಗಿಸಿ, ಪೆಟ್ಟಿಗೆಗೆ ಹೇಳುವಂತೆ, ಇಂಗ್ಲಿಷಿನಲ್ಲೇ, “ಇಲ್ಲ. ಗೊತ್ತಿಲ್ಲ,” ಎಂದಳು.

ಆಗ ಶಶಿ ಸಮುದ್ರದಿಂದ ಇತ್ತ ತಿರುಗಿದಳು. ನನ್ನನ್ನು, ಹುಡುಗಿಯನ್ನು, ಅವನನ್ನು ನೋಡಿದಳು. ಅವಳಿಗೆ ವಿವರಿಸುವ ಅಗತ್ಯ ಬೀಳಲಿಲ್ಲ. ಆದರೆ ಒಂದು ವಿಷಯ ಹೇಳಬೇಕು. ಶಶಿಗೆ ಗಾಬರಿಯಾದರೆ ಅವಳ ಬಾಯಿ ತನ್ನಷ್ಟಕ್ಕೆ ಕಚೇರಿ ಕೆಲಸಕ್ಕೆ ಹಾಜರಾಗಿಬಿಡುತ್ತದೆ. ಕೌಂಟರಿನ ಆಚೆ ನಿಂತವರಿಗೆ ದಿನವಿಡೀ ಕೇಳುವ ಪ್ರಶ್ನೆಗಳೇ ಹೊರಗೆ ಬರುತ್ತವೆ.

“ಯಾವೂರಪ್ಪಾ ನಿಂದು?” ಎಂದಳು. ದನಿ ಗಡುಸು, ಮೂಗಿನ ತುದಿಯಲ್ಲಿ ಕನ್ನಡಕ.

ಅವನು ಪಿಳಿಪಿಳಿ ಕಣ್ಣು ಬಿಟ್ಟ.

“ಊರು ಯಾವ್ದು ಅಂದೆ. ತಂದೆ ಹೆಸ್ರು? ಯಾವ ಹೋಬ್ಳಿ? ಖಾತೆ ಯಾರ ಹೆಸ್ರಲ್ಲೈತೆ?”

ಭಯದ ನಡುವೆಯೂ ನನ್ನ ಹೊಟ್ಟೆಯೊಳಗೆ ನಗು ಬುಗುಬುಗು ಎಂದಿತು. ಪತ್ರಿಕೆ ಓದುತ್ತಿದ್ದ ಹಿರಿಯರು ಪತ್ರಿಕೆ ಕೆಳಗಿಳಿಸಿ, “ಆ ಮಹಿಳೆ ಏನು ಕೇಳುತ್ತಿದ್ದಾರೆ?” ಎಂದು ನನ್ನನ್ನು ಇಂಗ್ಲಿಷಿನಲ್ಲಿ ವಿಚಾರಿಸಿದರು. ಅವರ ಹೆಸರು ಪೆರೇರ ಎಂದು ಆಮೇಲೆ ತಿಳಿಯಿತು.

“ಅವನ ಊರು ಯಾವುದು, ಅಪ್ಪ ಯಾರು ಅಂತ.”

“ಕೊನೆಯಲ್ಲಿ ಇನ್ನೂ ಏನೋ ಕೇಳಿದರು.”

“ಜಮೀನು ಯಾರ ಹೆಸರಿನಲ್ಲಿದೆ ಅಂತ.”

ಪೆರೇರ ಹುಡುಗಿಯ ಮುಖ ನೋಡಿದರು, ಪತ್ರಿಕೆಯನ್ನು ನೀಟಾಗಿ ಮಡಚಿದರು. “ನ್ಯಾಯವಾದ ಪ್ರಶ್ನೆಗಳು,” ಎಂದು ಎದ್ದು ನಿಂತು, ಬಿಳಿ ಅಂಗಿಯವನಿಗೆ ಸಿಂಹಳದಲ್ಲಿ ಕೇಳಿದರು: “ಗಮ ಕೊಹೆದ?”

ಊರು ಎಲ್ಲಿ ಎಂದು. ಛತ್ರಿಯ ಹೆಂಗಸು ಎದ್ದರು. “ಗಮ ಕೊಹೆದ?” ಫೋನು ಉಜ್ಜುತ್ತಿದ್ದವನೂ ತಲೆಯೆತ್ತಿ ಕೇಳಿದ. ಕಿಟಕಿಯ ಪಕ್ಕದ ಅಜ್ಜಿ, ಶಾಲೆಯ ಮಕ್ಕಳನ್ನು ಹಿಡಿದು ನಿಂತಿದ್ದ ತಾಯಿ, ಅಡ್ಡಾದಿಡ್ಡಿ ಮಾತಾಡುತ್ತಿದ್ದ ಕಾಲೇಜು ಹುಡುಗರು, ಎಲ್ಲರ ಬಾಯಲ್ಲೂ ಅದೇ. ಬೈದವರಿಲ್ಲ, ಹೊಡೆದವರಿಲ್ಲ. ನೀನು ಯಾವೂರವನು, ಯಾರ ಮಗ ಎಂದಷ್ಟೇ ಕೇಳಿದರು. ಅವನ ಮುಖದ ಬಣ್ಣ ಇಳಿಯುತ್ತ ಬಂತು. ಹೆಸರಿಲ್ಲದ ಮೈಯೊಂದಾಗಿ ಗುಂಪಿನಲ್ಲಿ ಅಡಗಿದ್ದವನು ಈಗ ಊರು, ಮನೆ, ಅಪ್ಪ ಅಮ್ಮ ಇರುವ ಮನುಷ್ಯನಾಗಬೇಕಾಗಿತ್ತು. ಅದು ಅವನಿಂದಾಗಲಿಲ್ಲ.

ಅವನು ಏನೋ ಗೊಣಗಿ ಮುಂದಕ್ಕೆ ಬಂದ. ಛತ್ರಿಯ ಹೆಂಗಸು ತಮ್ಮ ಕರಿ ಛತ್ರಿಯನ್ನು ಪಟ್ಟನೆ ಬಿಚ್ಚಿಬಿಟ್ಟರು. ರೈಲಿನೊಳಗೆ! ಅವನಿಗೂ ನಮಗೂ ನಡುವೆ ಗುಡಾರದಂಥ ಗೋಡೆ. ಒಬ್ಬರ ಕನ್ನಡಕ ಹಾರಿತು, ಇನ್ನೊಬ್ಬರ ಜಡೆ ಕಡ್ಡಿಗೆ ಸಿಕ್ಕಿಕೊಂಡಿತು. ದೆಹಿವಳದಲ್ಲಿ ರೈಲು ನಿಂತಾಗ ಅವನು ಇಳಿದುಹೋದ.

ಡಬ್ಬಿಯಲ್ಲಿ ಶುರುವಾದ ನಗುವನ್ನು ಹೇಗೆ ಹೇಳಲಿ! ಜಡೆ ಬಿಡಿಸುತ್ತ ನಕ್ಕರು, ಕನ್ನಡಕ ಹುಡುಕುತ್ತ ನಕ್ಕರು. ಶಶಿ ಮಾತ್ರ ಬೆವರು ಒರೆಸಿಕೊಳ್ಳುತ್ತ, “ನಾನೇನೇ ಕೇಳ್ದೆ ಅವನ್ನ?” ಎಂದಳು.

“ಖಾತೆ ಯಾರ ಹೆಸ್ರಲ್ಲೈತೆ ಅಂದೆ ಕಣೇ.”

“ಅಯ್ಯೋ!” ಎಂದಳು. “ಅಯ್ಯೋ!” ಎಂದರು ಛತ್ರಿಯ ಹೆಂಗಸು. ಅದೂ ಎರಡೂ ಭಾಷೆಯಲ್ಲಿ ಒಂದೇ.

ಪಾನದುರ

ಹುಡುಗಿಯೊಬ್ಬಳೇ ನಗಲಿಲ್ಲ. ಹೆಸರು ಸಂದುನಿ. ಮೆಲ್ಲಗೆ, ಹರಕು ಇಂಗ್ಲಿಷಿನಲ್ಲಿ ಹೇಳಿದಳು: “ಅವನು ಹೋಗಿಲ್ಲ. ಹಿಂದಿನ ಡಬ್ಬಿಗೆ ಹತ್ತಿರುತ್ತಾನೆ. ದಿನಾ ನನ್ನ ಹಿಂದೆಯೇ ಇಳಿದು ನಮ್ಮ ಓಣಿಯವರೆಗೂ ಬರುತ್ತಾನೆ.”

ನಮ್ಮ ನಗು ನಿಂತಿತು. ಗಲ್ಕಿಸ್ಸ ಬಂತು, ನಾವು ಇಳಿಯಲಿಲ್ಲ. ಒಬ್ಬರನ್ನೊಬ್ಬರು ಕೇಳಲೂ ಇಲ್ಲ. ಪೆರೇರ ಮೊರಟುವದಲ್ಲಿ ಇಳಿಯುವಾಗ ಸಂದುನಿಗೆ ಏನೋ ಹೇಳಿ, ನಮ್ಮ ಕಡೆ ತಿರುಗಿ ಟೋಪಿಯಿಲ್ಲದ ತಲೆಯಿಂದಲೇ ಟೋಪಿ ಎತ್ತಿದಂತೆ ಮಾಡಿ ಹೋದರು.

ಸಂದುನಿಯ ಊರು ಪಾನದುರದಲ್ಲಿ ಇಳಿದರೆ ಅವಳು ಹೇಳಿದ್ದು ನಿಜ. ಹಿಂದಿನ ಡಬ್ಬಿಯಿಂದ ಬಿಳಿ ಅಂಗಿ ಇಳಿಯಿತು. ಛತ್ರಿಯ ಹೆಂಗಸಿನ ಊರೂ ಅದೇ, ಅವರ ಹೆಸರು ಮಾಲಿನಿ. ಅವರು ಹೆಗಲು ಸೆಟೆಸಿ ಮುಂದೆ ನಿಂತರು. ಸಂದುನಿ ನಡುವೆ, ನಾವಿಬ್ಬರು ಎರಡು ಕಡೆ. ನಾಲ್ವರೂ ನಡೆದೆವು. ಶಶಿ ನನ್ನ ಕಿವಿಯಲ್ಲಿ, “ಜೋರಾಗಿ ಮಾತಾಡ್ತಿರೇ, ಭಯ ಆಗಿಲ್ಲ ಅನ್ನಿಸ್ಬೇಕು,” ಎಂದಳು. ನಾನು ಬಾಯಿಗೆ ಬಂದದ್ದನ್ನು ಗಟ್ಟಿಯಾಗಿ ಹೇಳತೊಡಗಿದೆ. ಬುಕ್ಕಾಂಬುಧಿ ಕೆರೆ ಕೋಡಿ ಬಿದ್ದದ್ದು, ಹಿಟ್ಟಿನ ಗಿರಣಿ ಕೆಟ್ಟದ್ದು, ನಾದಿನಿಯ ಮಂಡಿನೋವು. ಮಾಲಿನಿ ಪ್ರತಿ ಮಾತಿಗೂ ಸಿಂಹಳದಲ್ಲಿ ಭಾರೀ ಆಸಕ್ತಿಯಿಂದ ಉತ್ತರ ಕೊಟ್ಟರು. ಓಣಿಯ ತಿರುವಿನಲ್ಲಿ ಹಿಂತಿರುಗಿ ನೋಡಿದೆ. ಅವನು ದೂರದಲ್ಲಿ ನಿಂತಿದ್ದ. ಹಾಗೇ ನೋಡುತ್ತಿದ್ದವನು ಕೊನೆಗೆ ನಿಲ್ದಾಣದ ಕಡೆ ತಿರುಗಿದ.

ಸಂದುನಿಯ ಮನೆ ತೆಂಗಿನ ಮರಗಳ ನಡುವೆ. ಸಿಂಗಟಗೆರೆಯವರು ಯಾರಾದರೂ ನೋಡಿದರೆ ನಮ್ಮೂರೇ ಎನ್ನುತ್ತಾರೆ, ಎಳನೀರು ಮಾತ್ರ ಕೇಸರಿ ಬಣ್ಣದ್ದು. ಅವಳ ತಾಯಿ ಅಂಗಳಕ್ಕೆ ಓಡಿ ಬಂದರು. ಮಗಳು ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು, ಮುಚ್ಚಳ ತೆಗೆದು ನೋಡಿ, ಕುರ್ಚಿಯಲ್ಲಿ ಕುಸಿದು ಅತ್ತಳು. ಒಳಗೆ ಸಕ್ಕರೆಯಲ್ಲಿ ಮಾಡಿದ ತಾವರೆಗಳು. ಎಸಳು ಎಸಳೂ ತೆಳ್ಳಗೆ, ಅಂಚಿನಲ್ಲಿ ನಸುಗೆಂಪು. ಒಂದೂ ಮುರಿದಿರಲಿಲ್ಲ.

ಅವಳು ಕೊಲಂಬೊದಲ್ಲಿ ಕೇಕು ಮಾಡುವುದನ್ನು ಕಲಿಯುತ್ತಿದ್ದಾಳೆ. ನಾಳೆಯೇ ಕೊನೆಯ ಪರೀಕ್ಷೆ. ಮದುವೆಯ ಕೇಕೊಂದನ್ನು ಮನೆಯಲ್ಲಿ ಮಾಡಿ ಒಯ್ಯಬೇಕು. ಪಾಸಾದರೆ ದೊಡ್ಡ ಹೋಟೆಲಿನಲ್ಲಿ ಕೆಲಸ. “ನಾಳೆ ಹೋಗುವುದಿಲ್ಲ ಅಂತ ಇವತ್ತು ರೈಲಿನಲ್ಲಿ ತೀರ್ಮಾನ ಮಾಡಿಬಿಟ್ಟಿದ್ದೆ. ಇದಕ್ಕಿಂತ ದೊಡ್ಡ ಪೆಟ್ಟಿಗೆ ಹಿಡಿದುಕೊಂಡು ಅವನ ಮುಂದೆ ಹೇಗೆ ನಿಲ್ಲಲಿ?” ಎಂದಳು. ಡಬ್ಬಿ ಬದಲಿಸಿ ನೋಡಿದ್ದಳಂತೆ, ಅವನೂ ಬದಲಿಸಿದನಂತೆ. ತಾಯಿಗೆ ಇದೆಲ್ಲ ತಿಳಿದದ್ದು ಆಗಲೇ. ಅವರು ಮಗಳ ತಲೆ ನೇವರಿಸುತ್ತ ಏನೇನೋ ಹೇಳಿದರು. ಭಾಷೆ ತಿಳಿಯದಿದ್ದರೂ ಅದು ತಿಳಿಯಿತು.

“ನಾಳೆ ನಾವು ಬತ್ತೀವಿ,” ಎಂದಳು ಶಶಿ. ನಾಳೆ ನಾವು ಗಾಲೆಯ ಹಳೇ ಕೋಟೆ ನೋಡಬೇಕಾಗಿತ್ತು. “ಆ ಕೋಟೆ ಎಲ್ಲೂ ಓಡೋಗಲ್ಲ. ಇಷ್ಟು ವರ್ಷ ಅಲ್ಲೇ ನಿಂತೈತೆ.”

ತಾಯಿ ನಮ್ಮನ್ನು ಹೋಗಲು ಬಿಡಲಿಲ್ಲ. ಇಲ್ಲೇ ಉಳಿಯಿರಿ ಎಂದು ಕೈ ಹಿಡಿದುಕೊಂಡರು. ಮಾಲಿನಿ ಮನೆಗೆ ಹೋಗಿ ಗಂಡನಿಗೆ ಊಟ ಬಡಿಸಿ ಮತ್ತೆ ಬಂದರು, ಏನೋ ಮದುವೆ ಮನೆಗೆ ಬಂದಂತೆ. ಅಡುಗೆಮನೆಯಲ್ಲಿ ಐದು ಹೆಂಗಸರು, ಮೂರು ಭಾಷೆ. ಕೇಕಿನ ಒಂದು ಅಂತಸ್ತಿಗೆ ರವೆ, ಗೋಡಂಬಿ, ಜೇನು, ಗುಲಾಬಿ ನೀರು ಹಾಕುವುದನ್ನು ಕಂಡ ಶಶಿ, “ಲೇ ವನಜಾ, ಇದು ನಮ್ ಕೇಸರಿಬಾತ್ ಕಣೇ! ಒಲೆ ಒಳಗೆ ಇಟ್ಬಿಟ್ಟವ್ರೆ ಅಷ್ಟೇ!” ಎಂದು ಕೂಗಿದಳು. ನನಗೆ ಗೋಡಂಬಿ ಹೆಚ್ಚುವ ಕೆಲಸ ಕೊಟ್ಟರು. ಹೆಚ್ಚಿದ್ದಕ್ಕಿಂತ ತಿಂದದ್ದು ಹೆಚ್ಚಾಗಿ ಕೆಲಸದಿಂದ ತೆಗೆದುಹಾಕಿದರು. ಸಂದುನಿ ಮೊದಲ ಸಲ ನಕ್ಕಿದ್ದು ಆಗ. ಶಶಿ ಮತ್ತು ಅವಳ ತಾಯಿ ಒಲೆಯ ಮುಂದೆ ಕೂತು ಎಷ್ಟೋ ಹೊತ್ತು ಮಾತಾಡಿದರು, ಒಬ್ಬರು ಕನ್ನಡದಲ್ಲಿ, ಇನ್ನೊಬ್ಬರು ಸಿಂಹಳದಲ್ಲಿ. ಏನು ಮಾತಾಡಿದಿರಿ ಎಂದು ಕೇಳಿದೆ. “ಹೆಣ್ಮಕ್ಕಳನ್ನ ಓದ್ಸೋ ಕಷ್ಟ,” ಎಂದಳು ಶಶಿ, ಸಂಶಯವೇ ಇಲ್ಲದೆ.

ಮತ್ತೆ ರೈಲು

ಬೆಳಿಗ್ಗೆ ನಾವು ಯುದ್ಧಕ್ಕೆ ಹೊರಟವರಂತೆ ಹೊರಟೆವು. ಶಶಿ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು. ನಾನು ಮಾಲಿನಿಯವರಿಂದ ಇನ್ನೊಂದು ಛತ್ರಿ ಇಸಿದುಕೊಂಡು, ಪಟ್ಟನೆ ಬಿಚ್ಚುವುದನ್ನು ದಾರಿಯಲ್ಲೇ ಅಭ್ಯಾಸ ಮಾಡಿದೆ. ಎರಡು ಸಲ ಅದು ಹಿಂದುಮುಂದಾಗಿ ನನ್ನ ಮುಖಕ್ಕೇ ಮುಚ್ಚಿಕೊಂಡಿತು. ಸಂದುನಿಯ ಕೈಯಲ್ಲಿ ಎತ್ತರದ ಪೆಟ್ಟಿಗೆ, ಮೂರಂತಸ್ತಿನ ಕೇಕು, ಮೇಲೆ ತಾವರೆ.

ರೈಲು ಬಂತು. ನೂಕುನುಗ್ಗಲು. ಮಾಲಿನಿ ಮೊದಲು ಹತ್ತಿ ಒಳಗೆ ಏನೋ ಕೂಗಿದರು. ಅವರ ಜೊತೆ ದಿನಾ ಕೆಲಸಕ್ಕೆ ಹೋಗುವ ಹೆಂಗಸರೆಲ್ಲ ಅಲ್ಲಿದ್ದರು. ಮಾಲಿನಿ ರಾತ್ರಿಯೇ ಫೋನು ಮಾಡಿ ಅವರಿಗೆ ನಿನ್ನೆಯ ಕಥೆ ಹೇಳಿದ್ದರು. ಬಾಗಿಲಿನಿಂದ ನಾಲ್ಕಾರು ಕೈಗಳು ಚಾಚಿದವು. ಕೇಕು ಕೈಯಿಂದ ಕೈಗೆ, ತಲೆಗಳ ಮೇಲಿಂದ ತೇಲುತ್ತ ಒಳಗೆ ಹೋಯಿತು. ಒಂದು ಇಡೀ ಸೀಟು ಕೇಕಿಗೆ. ಅದರ ಪಕ್ಕದಲ್ಲಿ ಸಂದುನಿ. ಸುತ್ತ ಹೆಂಗಸರು ಬೇಲಿ ಕಟ್ಟಿದಂತೆ ನಿಂತರು. ಮೊರಟುವದಲ್ಲಿ ಹತ್ತಿದ ಪೆರೇರ ಇಂದು ಪತ್ರಿಕೆ ತೆರೆಯಲೇ ಇಲ್ಲ, ಕೇಕಿನ ಮುಂದೆ ಕಾವಲಿಗೆ ನಿಂತರು.

ಬಿಳಿ ಅಂಗಿಯವನು ಪಾನದುರದಲ್ಲೇ ಕಾಣಿಸಿಕೊಂಡಿದ್ದ. ನಮ್ಮ ಡಬ್ಬಿಯ ಮೆಟ್ಟಿಲ ಮೇಲೆ ಕಾಲಿಟ್ಟು ಒಳಗೆ ಇಣುಕಿದ. ಸಂದುನಿ ಈ ಸಲ ತಲೆ ತಗ್ಗಿಸಲಿಲ್ಲ. ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಅವನ ಮುಖವನ್ನೇ ನೋಡಿದಳು. ಅವನು ಕಾಲು ಹಿಂದಕ್ಕೆ ತೆಗೆದು ಬೇರೆ ಡಬ್ಬಿಯ ಕಡೆ ಹೋದ.

ನಮಗೆ ಮಾಡಲು ಏನೂ ಇರಲಿಲ್ಲ. ಛತ್ರಿ ಬಿಚ್ಚುವ ಪ್ರಸಂಗವೇ ಬರಲಿಲ್ಲ. ನಾವಿಬ್ಬರೂ ಬಾಗಿಲ ಬಳಿ ತೂಗಾಡುತ್ತ, ಸಮುದ್ರದ ತುಂತುರಿಗೆ ಮುಖ ಕೊಟ್ಟು, ಯಾರೋ ಕೊಟ್ಟ ತೆಂಗಿನಕಾಯಿ ರೊಟ್ಟಿ ತಿಂದೆವು. ಬೇರೆಯವರ ಊರಿನಲ್ಲಿ ನಮ್ಮ ಅಗತ್ಯವೇ ಇಲ್ಲದೆ ನಿಂತು ಹಿಂದೆಂದಾದರೂ ಅಷ್ಟು ಸಂತೋಷಪಟ್ಟದ್ದು ನನಗೆ ನೆನಪಿಲ್ಲ.

ಕೋಟೆ ನಿಲ್ದಾಣದಲ್ಲಿ ಇಳಿದ ಮೇಲೆ ಸಂದುನಿ ಪರೀಕ್ಷೆಯ ಕಡೆ ಓಡಲಿಲ್ಲ. ನಿಂತಳು. ಉಸಿರು ಎಳೆದುಕೊಂಡಳು. ಕೇಕಿನ ಪೆಟ್ಟಿಗೆಯನ್ನು ನಮ್ಮಿಬ್ಬರ ಕೈಗೆ ಕೊಟ್ಟು, “ಸ್ವಲ್ಪ ಹಿಡಿದುಕೊಳ್ಳಿ ಅಕ್ಕೇ. ಪೊಲೀಸರಿಗೆ ಹೇಳಿ ಬರುತ್ತೇನೆ,” ಎಂದಳು.

“ನಾವೂ ಬರೋಣ್ವಾ?” ಎಂದೆ, ಇಂಗ್ಲಿಷು ಮರೆತು. ಅವಳಿಗೆ ಅರ್ಥವಾಯಿತು.

“ಬೇಡ. ನಾನು ಹೇಳುತ್ತೇನೆ. ನೀವು ಇದನ್ನು ಬೀಳಿಸಬೇಡಿ.”

ರೈಲ್ವೆ ಪೊಲೀಸರ ಕೋಣೆಗೆ ಅವಳು ಮುಂದೆ ಹೋದಳು. ಸಾಕ್ಷಿ ಹೇಳಲು ಮಾಲಿನಿ ಮತ್ತು ಪೆರೇರ ಅವಳ ಹಿಂದೆ ಹೋದರು. ನಾವು ಪೆಟ್ಟಿಗೆಯ ಎರಡು ತುದಿ ಹಿಡಿದು ಪ್ಲಾಟ್‌ಫಾರಂ ನಡುವೆ ನಿಂತೆವು. ಇಡೀ ಕೊಲಂಬೊ ನಮ್ಮ ಎರಡು ಪಕ್ಕದಿಂದ ಹರಿಯುತ್ತಿತ್ತು. ನನ್ನ ಮೂಗು ತುರಿಸತೊಡಗಿತು. ಶಶಿಯ ಕೈ ಬೆವರಿತು.

“ಲೇ, ಜಾರ್ತಾ ಐತೆ ಕಣೇ.”

“ಜಾರ್ಸಿದ್ರೆ ಸಾಯಿಸ್ಬಿಡ್ತೀನಿ.”

“ನಗಿಸ್ಬೇಡ ಕಣೇ, ಅಲ್ಲಾಡ್ತದೆ!”

ಮೂಟೆ ಹೊತ್ತ ಒಬ್ಬಾತ ನೇರ ನಮ್ಮ ಕಡೆಗೇ ಬಂದ. ಶಶಿ ಕೇಕಿಗೆ ಬೆನ್ನು ಅಡ್ಡ ಕೊಟ್ಟು, “ಏಯ್, ನೋಡ್ಕಂಡ್ ಹೋಗಪ್ಪಾ!” ಎಂದು ಗುಡುಗಿದಳು. ಆತ ದಾರಿ ಬಿಟ್ಟು, ನಾಲ್ಕು ಹೆಜ್ಜೆ ಹೋಗಿ ಹಿಂತಿರುಗಿ ನೋಡಿ, ಬರುವವರನ್ನೆಲ್ಲ ಆ ಕಡೆಯಿಂದ ಹೋಗಿ ಎಂದು ಕೈ ತೋರಿಸುತ್ತ ಹೋದ.

ಬಹಳ ಹೊತ್ತಾದ ಮೇಲೆ ಬಾಗಿಲು ತೆರೆಯಿತು. ಸಂದುನಿ ಹೊರಗೆ ಬಂದಳು. ಕಣ್ಣು ಕೆಂಪಾಗಿತ್ತು, ನಡಿಗೆ ನೆಟ್ಟಗಿತ್ತು. ಬರೆದುಕೊಂಡರಂತೆ. ಸಂಜೆ ಆ ರೈಲಿನಲ್ಲಿ ಪೊಲೀಸರೊಬ್ಬರು ಇರುತ್ತಾರಂತೆ, ಅವನನ್ನು ಗುರುತಿಸಲು ಸಂದುನಿಯೂ ಮಾಲಿನಿಯೂ ಒಪ್ಪಿದ್ದಾರಂತೆ. ಅಷ್ಟು ಹೇಳಿ ಅವಳು ಮುಚ್ಚಳ ಎತ್ತಿ ಇಣುಕಿದಳು. ತಾವರೆಗಳನ್ನು ಒಂದೊಂದಾಗಿ ನೋಡಿದಳು. ಎಲ್ಲವೂ ಇದ್ದವು. ನಮ್ಮಿಬ್ಬರ ಕೆನ್ನೆಗೂ ಒಂದೊಂದು ಮುತ್ತು ಕೊಟ್ಟು, ಪೆಟ್ಟಿಗೆ ಎತ್ತಿಕೊಂಡು, “ದಾರಿ, ದಾರಿ!” ಎಂದು ಸಿಂಹಳದಲ್ಲಿ ಕೂಗುತ್ತ ಜನರ ನಡುವೆ ಹೊರಟಳು. ಜನ ದಾರಿ ಬಿಟ್ಟರು.

ಅವಳು ಮರೆಯಾದ ಮೇಲೂ ನಾವಿಬ್ಬರು ಪೆಟ್ಟಿಗೆ ಹಿಡಿದ ಭಂಗಿಯಲ್ಲೇ, ಕೈ ಚಾಚಿಕೊಂಡು, ಎದುರುಬದುರಾಗಿ ನಿಂತಿದ್ದೆವು.